ಬಸಿಯುವುದೆಷ್ಟು, ಉಳಿಸುವುದೆಷ್ಟು
ಮೆದುಳಿನ ರಕ್ತಸ್ರಾವದ ಶಸ್ತ್ರಚಿಕಿತ್ಸೆಯ ನಂತರದ ಕೊಳವೆ ಮತ್ತು ಅದರ ತೊಡಕುಗಳು

(ದತ್ತಿ ಉಪನ್ಯಾಸದ ಪಠ್ಯ)



ಮೆದುಳಿನ ರಕ್ತಸ್ರಾವಕ್ಕೆ ಆಪರೇಷನ್ ಆದವರನ್ನು ನೋಡಲು ಐಸಿಯು ಒಳಗೆ ಹೋಗಿಬಂದ ಮನೆಯವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ‘ತಲೆಯಿಂದ ಪೈಪು ಬಂದಿದೆಯಲ್ಲ, ಅದರಲ್ಲಿ ಕೆಂಪು ನೀರು ಯಾಕೆ ಹರೀತಿದೆ?’ ಎನ್ನುವುದು ಮೊದಲನೆಯದು. ‘ಅದನ್ನ ಯಾವಾಗ ತೆಗೀತೀರಿ ಡಾಕ್ಟ್ರೇ?’ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಎರಡು ನಿಮಿಷದಲ್ಲಿ ಉತ್ತರಿಸಬಹುದು. ಎರಡನೆಯದಕ್ಕೆ ಉತ್ತರ ಕೊಡಲು ನೀವು ನನಗೆ ಕೊಟ್ಟಿರುವ ಈ ಒಂದು ಗಂಟೆ ಸಾಲಲಿಕ್ಕಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೊಳವೆಯನ್ನು ಹಾಕುವುದು ನರಶಸ್ತ್ರಚಿಕಿತ್ಸೆಯಲ್ಲಿ ತೀರಾ ಸರಳವಾದ ಕೆಲಸಗಳಲ್ಲಿ ಒಂದು. ಅದನ್ನು ಕಾಯುವುದು ಬಲು ಕಷ್ಟದ ಕೆಲಸ. ಅದರ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಮಂಚದ ಪಕ್ಕದಲ್ಲಿ, ಆಪರೇಷನ್ ಮುಗಿದ ಮೇಲಿನ ದಿನಗಳಲ್ಲಿ. ತಡೆಯುವ ದಾರಿಯೂ ಅಲ್ಲೇ ಇದೆ.

ಬುರುಡೆಯೊಳಗಿನ ಲೆಕ್ಕ

ಮೆದುಳಿನ ಒಳಗೆ ಒಂದಕ್ಕೊಂದು ಕೂಡಿಕೊಂಡ ನಾಲ್ಕು ಕುಹರಗಳಿವೆ. ಅವುಗಳೊಳಗೂ, ಮೆದುಳು ಮತ್ತು ಬೆನ್ನುಹುರಿಯ ಸುತ್ತಲೂ ತಿಳಿನೀರಿನಂಥ ದ್ರವ ತುಂಬಿರುತ್ತದೆ. ವೈದ್ಯರು ಅದನ್ನು ಸಿಎಸ್‌ಎಫ್ ಎನ್ನುತ್ತಾರೆ. ನಾನು ಮೆದುಳಿನ ದ್ರವ ಎಂದೇ ಕರೆಯುತ್ತೇನೆ. ವಯಸ್ಕರಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಅದು ಇರುವುದು ಸುಮಾರು 150 ಮಿಲಿಲೀಟರ್. ದಿನಕ್ಕೆ ಉತ್ಪತ್ತಿಯಾಗುವುದು ಮಾತ್ರ ಸುಮಾರು 500 ಮಿಲಿಲೀಟರ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 20. ದಿನಕ್ಕೆ ಮೂರು ಸಲವಾದರೂ ಹಳೆಯದು ಹೋಗಿ ಹೊಸದು ಬರುತ್ತದೆ. ಕುಹರಗಳಲ್ಲಿ ಹುಟ್ಟಿದ ದ್ರವ ಕೆಳಗಿಳಿದು, ಮೂರನೆಯ ಮತ್ತು ನಾಲ್ಕನೆಯ ಕುಹರಗಳ ನಡುವಿನ ಒಂದೆರಡು ಮಿಲಿಮೀಟರ್ ಅಗಲದ ಕಾಲುವೆಯನ್ನು ದಾಟಿ, ಮೆದುಳಿನ ಹೊರಮೈಗೆ ಬಂದು, ಅಲ್ಲಿಂದ ರಕ್ತನಾಳಗಳಿಗೆ ಇಂಗುತ್ತದೆ.

ಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮೆದುಳು, ರಕ್ತ, ದ್ರವ ಈ ಮೂರಕ್ಕೆ ಮಾತ್ರ ಜಾಗ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. ಕಡಿಮೆಯಾಗಲು ಏನೂ ಉಳಿಯದಿದ್ದರೆ ಒತ್ತಡ ಏರುತ್ತದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಅವರ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಹೇಳಿದ ಈ ತತ್ವವೇ ಇಂದಿಗೂ ನಮ್ಮ ಐಸಿಯುಗಳನ್ನು ನಡೆಸುತ್ತಿದೆ. ಮಲಗಿರುವ ಆರೋಗ್ಯವಂತರ ಬುರುಡೆಯೊಳಗಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 7ರಿಂದ 15 ಮಿಲಿಮೀಟರ್. 20 ದಾಟಿ ಅಲ್ಲೇ ನಿಂತರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಈಗ ರಕ್ತಸ್ರಾವಕ್ಕೆ ಬರೋಣ. ವರ್ಷಗಟ್ಟಲೆ ಹತೋಟಿಯಿಲ್ಲದ ಬಿ.ಪಿ.ಯಿಂದ ಮೆದುಳಿನ ಆಳದ ಸಣ್ಣ ರಕ್ತನಾಳ ಒಡೆಯಬಹುದು. ಆ ರಕ್ತ ಪಕ್ಕದ ಕುಹರಕ್ಕೆ ನುಗ್ಗಬಹುದು. ಮೆದುಳಿನ ಬುಡದ ದೊಡ್ಡ ರಕ್ತನಾಳದ ಮೇಲೆ ಉಬ್ಬಿಕೊಂಡ ಗುಳ್ಳೆ, ಅಂದರೆ ಅನ್ಯೂರಿಸಂ, ಒಡೆಯಬಹುದು. ಹಿಂದಲೆಯ ಕಿರುಮೆದುಳಿನಲ್ಲಿ ಹೆಪ್ಪು ನಿಂತು ನಾಲ್ಕನೆಯ ಕುಹರವನ್ನು ಅಮುಕಬಹುದು. ಮೂರರಲ್ಲೂ ಕೊನೆಗೆ ಆಗುವುದು ಒಂದೇ: ದ್ರವದ ದಾರಿ ಕಟ್ಟುತ್ತದೆ, ಉತ್ಪತ್ತಿ ನಿಲ್ಲುವುದಿಲ್ಲ. ಗಂಟೆಗೆ 20 ಮಿಲಿಲೀಟರಿನಂತೆ ಬರುವ ದ್ರವಕ್ಕೆ ಹೋಗಲು ಎಡೆಯಿಲ್ಲದೆ ಕುಹರಗಳು ಉಬ್ಬುತ್ತವೆ. ಮನೆಯವರು ‘ತಲೇಲಿ ನೀರು ತುಂಬಿದೆಯಂತೆ’ ಎನ್ನುವುದು ಇದನ್ನೇ. ಹೆಪ್ಪನ್ನು ತೆಗೆದು, ಅನ್ಯೂರಿಸಂಗೆ ಕ್ಲಿಪ್ಪು ಹಾಕಿ ಮುಗಿಸಿದರೂ ಈ ತೊಂದರೆ ಉಳಿದಿರುತ್ತದೆ. ಆದ್ದರಿಂದ ಆ ಪೈಪು; ರಕ್ತ ಬೆರೆತದ್ದರಿಂದ ಅದರಲ್ಲಿ ಹರಿಯುವ ದ್ರವ ಕೆಂಪು.

ಎಲ್ಲಿಂದ ಬಂತು

ಕುಹರಕ್ಕೆ ತೂತು ಮಾಡಿ ದ್ರವ ತೆಗೆಯುವ ಯೋಚನೆ ಹಳೆಯದು. ಫ್ರಾನ್ಸಿನ ಕ್ಲೋದ್ ನಿಕೊಲಾ ಲ ಕಾ 1744ರಲ್ಲೇ ಅದನ್ನು ಮಾಡಿದರೆಂದು ವೈದ್ಯಕೀಯ ಚರಿತ್ರೆ ದಾಖಲಿಸುತ್ತದೆ. ಸೋಂಕು ತಗಲದ ಹಾಗೆ ಮಾಡಿದ ಮೊದಲಿಗರೆಂದು 1881ರ ಕಾರ್ಲ್ ವೆರ್ನಿಕೆಯವರ ಹೆಸರನ್ನು ಹೇಳುತ್ತಾರೆ. ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದೇ ಕೊಳವೆಯಿಂದ ಒತ್ತಡವನ್ನು ಎಡೆಬಿಡದೆ ಅಳೆಯುವುದು ಹೇಗೆಂದು ತೋರಿಸಿದರು. ಅಲ್ಲಿಗೆ ಕೊಳವೆ ಚಿಕಿತ್ಸೆಯ ಜೊತೆಗೆ ಅಳತೆಯ ಸಾಧನವೂ ಆಯಿತು.

ನಮ್ಮ ದೇಶದಲ್ಲಿ ಆಧುನಿಕ ನರಶಸ್ತ್ರಚಿಕಿತ್ಸೆ ಶುರುವಾದದ್ದು 1949ರಲ್ಲಿ, ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದ. ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ ಆರಂಭಿಸಿದರು. ಬೆಂಗಳೂರಿನಲ್ಲಿ ಅದಕ್ಕೆ ಅಡಿಪಾಯ ಹಾಕಿದವರು ಆರ್. ಮಾರ್ತಾಂಡ ವರ್ಮ. ಅವರು ದುಡಿದ ಸಂಸ್ಥೆಯೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಇಂದು ಜಿಲ್ಲಾ ಕೇಂದ್ರಗಳಲ್ಲೂ ಈ ಕೊಳವೆ ಹಾಕಬಲ್ಲವರು ಇದ್ದಾರೆ. ಹಾಕಬಲ್ಲವರು ಹೆಚ್ಚಾದಷ್ಟು ಕಾಯಬಲ್ಲವರು ಹೆಚ್ಚಾಗಿದ್ದಾರೆಯೇ ಎನ್ನುವುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಎತ್ತರದ ಆಟ

ಕೊಳವೆ ಹಾಕುವ ವಿಧಾನ ಹೀಗೆ. ಮೂಗಿನ ಬುಡದಿಂದ ಸುಮಾರು 11 ಸೆಂಟಿಮೀಟರ್ ಹಿಂದೆ, ನಡುಗೆರೆಯಿಂದ ಸುಮಾರು 3 ಸೆಂಟಿಮೀಟರ್ ಪಕ್ಕಕ್ಕೆ, ಸಾಮಾನ್ಯವಾಗಿ ಬಲಭಾಗದಲ್ಲಿ, ಬುರುಡೆಗೆ ಸಣ್ಣ ತೂತು. ಅಲ್ಲಿಂದ ಆರು ಸೆಂಟಿಮೀಟರಿನಷ್ಟು ಒಳಗಿಳಿದರೆ ಕುಹರ ಸಿಗುತ್ತದೆ. ಕೊಳವೆಯನ್ನು ಚರ್ಮದಡಿಯಲ್ಲಿ ಸ್ವಲ್ಪ ದೂರ ಒಯ್ದು ಹೊರತೆಗೆದು, ಹೊಲಿಗೆ ಹಾಕಿ, ಮಂಚದ ಪಕ್ಕದ ಕಂಬಕ್ಕೆ ತೂಗುಹಾಕಿದ ಅಳತೆಪಾತ್ರೆಗೆ ಜೋಡಿಸುತ್ತಾರೆ. ಹಾಕುವಾಗ ದಾರಿಯಲ್ಲಿ ಸ್ವಲ್ಪ ರಕ್ತ ಜಿನುಗುವುದುಂಟು. ಸಿಟಿ ಸ್ಕ್ಯಾನ್‌ನಲ್ಲಿ ನೂರಕ್ಕೆ ಐದಾರು ಮಂದಿಯಲ್ಲಿ ಅದು ಕಾಣುತ್ತದೆ. ಅದರಿಂದ ರೋಗಿಯ ಸ್ಥಿತಿ ಕೆಡುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕೊಳವೆಯ ತುದಿ ಸರಿಯಾದ ಜಾಗ ತಲುಪದೆ ಮತ್ತೆ ಹಾಕಬೇಕಾಗುವುದೂ ಉಂಟು. ಶಸ್ತ್ರಚಿಕಿತ್ಸಕರ ಪಾಲಿನ ತೊಡಕುಗಳು ಹೆಚ್ಚಾಗಿ ಇಷ್ಟೇ.

ಇನ್ನು ಮುಂದಿನದು ಎತ್ತರದ ಲೆಕ್ಕ. ಕಿವಿಯ ರಂಧ್ರದ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು, ಅದರಿಂದ 10 ಅಥವಾ 15 ಸೆಂಟಿಮೀಟರ್ ಮೇಲೆ ಪಾತ್ರೆಯನ್ನು ಕಟ್ಟುತ್ತಾರೆ. ಒಳಗಿನ ಒತ್ತಡ ಅಷ್ಟು ಎತ್ತರದ ನೀರನ್ನು ಮೀರಿದಾಗ ಮಾತ್ರ ದ್ರವ ಹರಿಯುತ್ತದೆ. ಪಾತ್ರೆ ಇಳಿಸಿದರೆ ಹೆಚ್ಚು ಹರಿಯುತ್ತದೆ, ಏರಿಸಿದರೆ ನಿಲ್ಲುತ್ತದೆ. ನಮ್ಮ ಕೆರೆಗಳ ನೀರಗಂಟಿ ತೂಬು ಎಷ್ಟು ಎತ್ತಬೇಕೆಂದು ಕೆರೆಯ ಮಟ್ಟವನ್ನೂ ಗದ್ದೆಯ ಅಗತ್ಯವನ್ನೂ ನೋಡಿ ನಿರ್ಧರಿಸುತ್ತಿದ್ದ. ಐಸಿಯು ನರ್ಸಿನ ಕೆಲಸ ಅದೇ ಜಾತಿಯದು.

ಈ ಲೆಕ್ಕ ತಪ್ಪುವುದು ತೀರಾ ಸಾಧಾರಣ ಕಾರಣಗಳಿಗೆ. ಊಟ ಕೊಡಲೆಂದು ಯಾರೋ ಮಂಚದ ತಲೆಭಾಗ ಎತ್ತುತ್ತಾರೆ. ತಲೆ ಮೇಲೇರಿತು, ಪಾತ್ರೆ ಇದ್ದಲ್ಲೇ ಇತ್ತು, ಕ್ಷಣದಲ್ಲಿ ದ್ರವ ಸುರಿಯಿತು. ಫಿಸಿಯೋಥೆರಪಿಗೆ ಕೂರಿಸುತ್ತಾರೆ, ಕೊಳವೆಯ ಕೀಲಿ ಮುಚ್ಚಲು ಮರೆಯುತ್ತಾರೆ. ಸ್ಕ್ಯಾನಿಗೆ ಒಯ್ಯುವಾಗ ಕೀಲಿ ಮುಚ್ಚುತ್ತಾರೆ. ಮರಳಿ ತಂದ ಮೇಲೆ ತೆರೆಯಲು ಮರೆಯುತ್ತಾರೆ. ಅಳತೆಪಟ್ಟಿಯಲ್ಲಿ ಪಾದರಸದ ಗುರುತೂ ಇರುತ್ತದೆ, ನೀರಿನ ಗುರುತೂ ಇರುತ್ತದೆ. 15 ಎಂದು ಬರೆದದ್ದು ಯಾವುದರಲ್ಲಿ? ಪಾದರಸದ 15 ಮಿಲಿಮೀಟರ್ ಎಂದರೆ ನೀರಿನಲ್ಲಿ 20 ಸೆಂಟಿಮೀಟರ್. ಕೆಮ್ಮು, ವಾಂತಿ, ಕಫ ತೆಗೆಯುವ ಹೊತ್ತುಗಳಲ್ಲೂ ಹರಿವು ಏಕಾಏಕಿ ಹೆಚ್ಚುತ್ತದೆ. ರಾಯಚೂರು, ಕಲಬುರಗಿಗಳ ಕಡೆಯಿಂದ ಆ್ಯಂಬುಲೆನ್ಸಿನಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೊರಟ ರೋಗಿಗೆ ಈ ಅಪಾಯಗಳೆಲ್ಲ ದಾರಿಯುದ್ದಕ್ಕೂ ಇರುತ್ತವೆ.

ಹೆಚ್ಚು ಹರಿದರೆ ಏನಾಗುತ್ತದೆ? ಅನ್ಯೂರಿಸಂ ಒಡೆದು, ಇನ್ನೂ ಕ್ಲಿಪ್ಪಾಗಲಿ, ಗುಳ್ಳೆಯೊಳಗೆ ತುಂಬುವ ತಂತಿಸುರುಳಿ, ಅಂದರೆ ಕಾಯಿಲ್ ಆಗಲಿ ಹಾಕದ ರೋಗಿಯಲ್ಲಿ ಒತ್ತಡ ಥಟ್ಟನೆ ಇಳಿದರೆ, ಗುಳ್ಳೆಯ ಗೋಡೆಗೆ ಹೊರಗಿನಿಂದ ಇದ್ದ ಆಸರೆ ತಪ್ಪಿ ಅದು ಮತ್ತೆ ಒಡೆಯಬಹುದು. ಮೆದುಳು ಕುಗ್ಗಿ ಬುರುಡೆಯಿಂದ ದೂರ ಸರಿದರೆ, ನಡುವಿನ ಸಣ್ಣ ರಕ್ತನಾಳಗಳು ಎಳೆದಂತಾಗಿ ಹರಿದು ಮೆದುಳಿನ ಮೇಲೆ ಹೊಸ ರಕ್ತ ಶೇಖರವಾಗುತ್ತದೆ. ಕಿರುಮೆದುಳಿನಲ್ಲಿ ದೊಡ್ಡ ಹೆಪ್ಪಿದ್ದು ಮೇಲಿನ ಕುಹರವನ್ನು ಮಾತ್ರ ಬರಿದು ಮಾಡಿದರೆ, ಕೆಳಗಿನ ಭಾಗ ಮೇಲಕ್ಕೆ ನುಗ್ಗಿ ಮೆದುಳಿನ ಕಾಂಡವನ್ನು ಒತ್ತಬಹುದು.

ಇನ್ನೊಂದು ಸ್ಥಿತಿಯನ್ನು ವಿಶೇಷವಾಗಿ ಹೇಳಬೇಕು. ಮೆದುಳು ಬಾತುಕೊಂಡಾಗ ಬುರುಡೆಯ ದೊಡ್ಡ ತುಂಡೊಂದನ್ನು ತೆಗೆದು, ಅದನ್ನು ಹೊಟ್ಟೆಯ ಚರ್ಮದಡಿಯಲ್ಲೋ ಶೀತಪೆಟ್ಟಿಗೆಯಲ್ಲೋ ಇಡುವುದುಂಟು. ಬಾವು ಇಳಿದ ಮೇಲೆ ಅಂಥ ರೋಗಿಗೆ ದ್ರವ ಬಸಿಯಲು ಸೊಂಟದಲ್ಲಿ ಕೊಳವೆ ಹಾಕಿದರೆ, ಅಥವಾ ದ್ರವವನ್ನು ಹೊಟ್ಟೆಗೆ ಒಯ್ಯುವ ಒಳಗೊಳವೆ, ಅಂದರೆ ಶಂಟ್, ಹೆಚ್ಚು ಹರಿಸಿದರೆ, ಹೊರಗಿನ ವಾಯುವಿನ ಒತ್ತಡಕ್ಕೆ ಚರ್ಮ ಗುಳಿಬಿದ್ದು ಮೆದುಳು ಒಳಕ್ಕೆ ಜಾರುತ್ತದೆ. ಚೇತರಿಸಿಕೊಳ್ಳುತ್ತಿದ್ದವರು ಮಂಪರಿಗೆ ಜಾರುತ್ತಾರೆ, ಕೈಕಾಲಿನ ಬಲ ಕುಗ್ಗುತ್ತದೆ. ನೋಡಿದವರು ಒತ್ತಡ ಹೆಚ್ಚಾಗಿದೆಯೆಂದು ಭಾವಿಸಿ ತಲೆ ಎತ್ತರಿಸಿ, ಒತ್ತಡ ಇಳಿಸುವ ಮ್ಯಾನಿಟಾಲ್ ಔಷಧಿ ಕೊಟ್ಟರೆ ಸ್ಥಿತಿ ಇನ್ನೂ ಕೆಡುತ್ತದೆ. ಇಲ್ಲಿ ಬೇಕಾದದ್ದು ತಲೆಕೆಳಗಾದ ಚಿಕಿತ್ಸೆ: ಕೊಳವೆ ಮುಚ್ಚಿ, ಮಂಚವನ್ನು ಮಟ್ಟಸ ಮಾಡಿ ಅಥವಾ ತಲೆಭಾಗವನ್ನೇ ತಗ್ಗಿಸಿ, ಡ್ರಿಪ್ ಕೊಟ್ಟು, ಬೇಗ ಮೂಳೆಯನ್ನು ಮರಳಿ ಕೂರಿಸುವುದು. ‘ತೆಗೆದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಎಷ್ಟು ಅಪಾಯದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಟ್ಟಿಕೊಂಡ ಕೊಳವೆ

ಹರಿಯದೆ ನಿಲ್ಲುವುದು ಇದರ ಎದುರು ಮುಖ. ಕುಹರ ತುಂಬ ಹೆಪ್ಪಿದ್ದರೆ ಕೊಳವೆಯ ಕಣ್ಣುಗಳು ಮುಚ್ಚುತ್ತವೆ. ಗಂಟೆಗೊಮ್ಮೆ ಬರೆಯುವ ಚಾರ್ಟಿನಲ್ಲಿ 10, 12, 9 ಎಂದು ಇದ್ದದ್ದು ಒಮ್ಮೆಲೇ ಸೊನ್ನೆಯಾದರೆ ಅದು ಎಚ್ಚರಿಕೆ. ಕೊಳವೆಯೊಳಗಿನ ದ್ರವ ಉಸಿರಾಟದೊಂದಿಗೆ ಆಡುತ್ತಿದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಕೊಳವೆ ತೊಳೆಯುವ ಕೆಲಸ ವೈದ್ಯರದು. ಅದನ್ನೂ ಅಳೆದು ಸುರಿದು, ತೀರಾ ಸ್ವಲ್ಪ ಸಲೈನ್‌ನಲ್ಲಿ, ಸೋಂಕಿನ ಭಯವಿಟ್ಟುಕೊಂಡು ಮಾಡಬೇಕು.

ಹೆಪ್ಪು ಕರಗಿಸುವ ಔಷಧಿಯನ್ನೇ ಕೊಳವೆಯಲ್ಲಿ ಬಿಟ್ಟರೆ ಹೇಗೆ? ಕ್ಲಿಯರ್-3 ಎಂಬ ಪರೀಕ್ಷೆ 500 ರೋಗಿಗಳಲ್ಲಿ ಇದನ್ನೇ ಕೇಳಿತು; ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನಕ್ಕೆ ಆಲ್ಟಿಪ್ಲೇಸ್ ಎಂಬ ಆ ಔಷಧಿ, ಉಳಿದವರಿಗೆ ಬರೀ ಸಲೈನ್. ಆರು ತಿಂಗಳಲ್ಲಿ ಸಾವು ಔಷಧಿಯ ಗುಂಪಿನಲ್ಲಿ ನೂರಕ್ಕೆ 18, ಸಲೈನ್ ಗುಂಪಿನಲ್ಲಿ 29. ಇದು ಗೆಲುವಿನ ಹಾಗೆ ಕಾಣುತ್ತದೆ. ಆದರೆ ತಮ್ಮ ಕೆಲಸವನ್ನು ತಕ್ಕಮಟ್ಟಿಗೆ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು 48 ಮತ್ತು 45, ಹೇಳಿಕೊಳ್ಳುವಂಥ ಅಂತರವಲ್ಲ. ಬದುಕುಳಿದ ಹೆಚ್ಚುವರಿ ಜನರಲ್ಲಿ ಹಲವರು ಹಾಸಿಗೆಯಲ್ಲೇ ಉಳಿದರು. ಈ ಅಂಕಿಗಳನ್ನು ಮನೆಯವರ ಮುಂದಿಟ್ಟು ಮಾತಾಡುವುದು ವೈದ್ಯರ ಕರ್ತವ್ಯವೆಂದು ನಾನು ನಂಬುತ್ತೇನೆ. ಜೀವ ಉಳಿಯುವುದು ಮತ್ತು ಬಾಳು ಮರಳುವುದು ಬೇರೆಬೇರೆ ಎಂಬುದನ್ನು ಮೊದಲೇ ಹೇಳಿದರೆ, ಆಮೇಲೆ ‘ಯಾರೂ ಹೇಳಲಿಲ್ಲ’ ಎಂಬ ದುಃಖವಾದರೂ ತಪ್ಪುತ್ತದೆ.

ಸೋಂಕು

ಹೊರಗಿನ ಲೋಕಕ್ಕೂ ಮೆದುಳಿನ ಒಳಭಾಗಕ್ಕೂ ನಡುವೆ ಒಂದು ತೆರೆದ ದಾರಿ ಮಾಡಿಟ್ಟ ಮೇಲೆ ಸೂಕ್ಷ್ಮಾಣುಗಳು ಸುಮ್ಮನಿರುವುದಿಲ್ಲ. ಕುಹರದ ಸೋಂಕಿನ ಪ್ರಮಾಣ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬದಲಾಗುತ್ತದೆ. ನೂರಕ್ಕೆ ಎಂಟು ಹತ್ತು ಎನ್ನುವುದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸಿಗುವ ಸರಾಸರಿ. ಕೊಳವೆ ಇದ್ದಷ್ಟು ದಿನವೂ ಅಪಾಯ ಕೂಡುತ್ತಾ ಹೋಗುತ್ತದೆ. ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಸಾಮಾನ್ಯ ಅಪರಾಧಿ. ನಮ್ಮ ಐಸಿಯುಗಳಲ್ಲಿ ಅದರ ಜೊತೆಗೆ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳೂ ಇವೆ. ಇವು ಹೆಚ್ಚಿನ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ.

ರಕ್ತಸ್ರಾವದ ರೋಗಿಯಲ್ಲಿ ಸೋಂಕನ್ನು ಗುರುತಿಸುವುದೇ ಒಂದು ಒಗಟು. ಜ್ವರ ರಕ್ತದಿಂದಲೂ ಬರುತ್ತದೆ. ಕತ್ತಿನ ಬಿಗಿತ ರಕ್ತದಿಂದಲೂ ಬರುತ್ತದೆ. ದ್ರವದಲ್ಲಿ ಬಿಳಿರಕ್ತಕಣ ಹೆಚ್ಚಿರುವುದೂ ಸಕ್ಕರೆಯ ಅಂಶ ಇಳಿಯುವುದೂ ಬರೀ ರಕ್ತದಿಂದಲೇ ಆಗಬಹುದು. ಹಾಗಾಗಿ ಒಂದು ದಿನದ ವರದಿಗಿಂತ ದಿನದಿಂದ ದಿನಕ್ಕೆ ಆಗುವ ಬದಲಾವಣೆಗೆ, ಕೆಂಪು ಮತ್ತು ಬಿಳಿ ಕಣಗಳ ನಡುವಿನ ಅನುಪಾತಕ್ಕೆ, ಕೊನೆಗೆ ಕಲ್ಚರ್ ವರದಿಗೆ ಬೆಲೆ. ಹಾಗೆಂದು ದಿನಾ ದ್ರವ ತೆಗೆದು ಪರೀಕ್ಷೆಗೆ ಕಳಿಸುವುದೂ ಸರಿಯಲ್ಲ. ಕೀಲಿ ತೆರೆದಷ್ಟು ಸಲವೂ ಸೋಂಕಿಗೆ ಬಾಗಿಲು ತೆರೆದಂತೆ. ಏಳು ದಿನಕ್ಕೊಮ್ಮೆ ಕೊಳವೆ ಬದಲಿಸುವ ಪದ್ಧತಿ ಹಿಂದೆ ಹಲವೆಡೆ ಇತ್ತು; ಅದರಿಂದ ಲಾಭವಿಲ್ಲವೆಂದು ಕಂಡು ಈಗಿನ ಮಾರ್ಗಸೂಚಿಗಳು ಅದನ್ನು ಕೈಬಿಟ್ಟಿವೆ.

ಸೋಂಕು ಖಚಿತವಾದರೆ ರಕ್ತನಾಳದ ಮೂಲಕ ಕೊಡುವ ಔಷಧಿ ಕೆಲವೊಮ್ಮೆ ಸಾಲುವುದಿಲ್ಲ. ಕೊಲಿಸ್ಟಿನ್‌ನಂಥ ಆ್ಯಂಟಿಬಯೋಟಿಕ್ ಔಷಧಿಗಳನ್ನು ನೇರವಾಗಿ ಕುಹರಕ್ಕೇ ಕೊಟ್ಟು, ಅವು ಹೊರಗೆ ಹರಿದುಹೋಗದಂತೆ 15ರಿಂದ 60 ನಿಮಿಷ ಕೊಳವೆ ಮುಚ್ಚಿಡುತ್ತಾರೆ. ಇಷ್ಟೆಲ್ಲ ಮಾಡುವುದಕ್ಕಿಂತ ಮೊದಲು ಅಗ್ಗದ ಉಪಾಯಗಳಿವೆ: ಕೈ ತೊಳೆಯುವುದು, ಡ್ರೆಸ್ಸಿಂಗ್ ಒದ್ದೆಯಾದರೆ ಕೂಡಲೇ ತಿಳಿಸುವುದು, ಚರ್ಮದ ಬಳಿ ದ್ರವ ಸೋರಿದರೆ ಹೊಲಿಗೆ ಹಾಕುವುದು, ಕೀಲಿಯನ್ನು ಅಗತ್ಯವಿಲ್ಲದೆ ಮುಟ್ಟದಿರುವುದು, ಗೊಂದಲದಲ್ಲಿರುವ ರೋಗಿ ಕೊಳವೆ ಕಿತ್ತುಕೊಳ್ಳದಂತೆ ಪಕ್ಕದಲ್ಲಿ ಒಬ್ಬರಿರುವುದು.

ಯಾವಾಗ ತೆಗೆಯುತ್ತೀರಿ?

ಈಗ ಎರಡನೆಯ ಪ್ರಶ್ನೆಗೆ ಬಂದೆವು. ಬೇಗ ತೆಗೆದರೆ ದ್ರವ ಮತ್ತೆ ಕಟ್ಟಬಹುದು. ತಡಮಾಡಿದರೆ ಸೋಂಕು ಬರಬಹುದು. ಪಾತ್ರೆಯನ್ನು ದಿನಕ್ಕಿಷ್ಟು ಏರಿಸುತ್ತಾ, ಕೊನೆಗೆ ಕೊಳವೆ ಮುಚ್ಚಿ, ತಲೆನೋವು, ವಾಂತಿ, ಮಂಪರು ಬರುತ್ತದೆಯೇ ಎಂದು ಕಾದು, ಸ್ಕ್ಯಾನ್ ನೋಡಿ ತೆಗೆಯುವುದು ರೂಢಿ. ಈ ಏರಿಕೆ ನಿಧಾನವಿರಬೇಕೆ, ಬೇಗ ಆದೀತೆ? ಅನ್ಯೂರಿಸಂ ಒಡೆದ 81 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೇ ದಿನದಲ್ಲಿ ಮುಚ್ಚುವುದನ್ನೂ ನಾಲ್ಕು ದಿನ ಎಳೆಯುವುದನ್ನೂ ಹೋಲಿಸಿತು. ಶಾಶ್ವತ ಶಂಟ್ ಬೇಕಾದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಧಾನಿಸಿದವರು ಐಸಿಯುನಲ್ಲಿ ಹೆಚ್ಚು ದಿನ ಉಳಿದರು, ಅಷ್ಟೇ.

ಸೊಂಟದಿಂದ ದ್ರವ ಬಸಿಯುವುದಕ್ಕೂ ಈಚೆಗೆ ಬಲ ಬಂದಿದೆ. 2023ರಲ್ಲಿ ಪ್ರಕಟವಾದ ಅರ್ಲಿಡ್ರೇನ್ ಪರೀಕ್ಷೆಯಲ್ಲಿ, ಅನ್ಯೂರಿಸಂ ಭದ್ರಪಡಿಸಿದ ಮೇಲೆ ಗಂಟೆಗೆ 5 ಮಿಲಿಲೀಟರಿನಂತೆ ಸೊಂಟದಿಂದ ಬಸಿದವರಲ್ಲಿ ಕೆಟ್ಟ ಫಲಿತಾಂಶ ನೂರಕ್ಕೆ 33ರಷ್ಟು, ಹಾಗೆ ಮಾಡದವರಲ್ಲಿ 45ರಷ್ಟು. ಗಂಟೆಗೆ ಬರೀ 5 ಎಂಬುದನ್ನು ಗಮನಿಸಿ. ಬಸಿದದ್ದು ನಿಧಾನವಾಗಿ.

ಹೊರಗಿನ ಕೊಳವೆ ತೆಗೆದ ಮೇಲೂ ಕೆಲವರಿಗೆ ದ್ರವದ ದಾರಿ ತೆರೆಯುವುದಿಲ್ಲ. ಅವರಿಗೆ ಚರ್ಮದಡಿಯಲ್ಲೇ ಹೊಟ್ಟೆಯವರೆಗೆ ಒಯ್ಯುವ ಶಂಟ್ ಬೇಕು. ದ್ರವದಲ್ಲಿ ರಕ್ತವೂ ಪ್ರೋಟೀನೂ ಇನ್ನೂ ಹೆಚ್ಚಿದ್ದಾಗ ಅವಸರದಲ್ಲಿ ಹಾಕಿದರೆ ಅದರ ಕವಾಟ ಕಟ್ಟಿಕೊಳ್ಳುವ ಭಯ. ಈ ಕವಾಟಕ್ಕೆ ಒಂದು ಮನುಷ್ಯಕಥೆಯಿದೆ. ಅಮೆರಿಕದ ಯಂತ್ರಕುಶಲಿ ಜಾನ್ ಹೋಲ್ಟರ್ 1950ರ ದಶಕದಲ್ಲಿ ತನ್ನ ಮಗುವಿನ ತಲೆಯ ನೀರಿಗಾಗಿ ಕವಾಟ ರೂಪಿಸಿದರು. ಮಕ್ಕಳ ಕತೆಗಳಿಂದ ಹೆಸರಾದ ಲೇಖಕ ರೋಲ್ಡ್ ಡಾಲ್ ಅವರ ನಾಲ್ಕು ತಿಂಗಳ ಮಗ ಥಿಯೋಗೆ 1960ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಬಡಿದು ತಲೆಗೆ ಪೆಟ್ಟಾಗಿ ನೀರು ತುಂಬಿತು. ಹಾಕಿದ ಕವಾಟ ಮತ್ತೆ ಮತ್ತೆ ಕಟ್ಟಿಕೊಂಡಿತು. ಡಾಲ್ ಅವರು ಆಟಿಕೆ ವಿಮಾನದ ಎಂಜಿನ್ ತಯಾರಿಸುತ್ತಿದ್ದ ಸ್ಟ್ಯಾನ್ಲಿ ವೇಡ್ ಮತ್ತು ಲಂಡನ್ನಿನ ನರಶಸ್ತ್ರಚಿಕಿತ್ಸಕ ಕೆನೆತ್ ಟಿಲ್ ಅವರನ್ನು ಸೇರಿಸಿಕೊಂಡು ಸುಲಭವಾಗಿ ಕಟ್ಟಿಕೊಳ್ಳದ ಹೊಸ ಕವಾಟ ಮಾಡಿಸಿದರು. ಅದು ಸಿದ್ಧವಾಗುವ ಹೊತ್ತಿಗೆ ಥಿಯೋಗೆ ಕವಾಟದ ಅಗತ್ಯವೇ ಇರಲಿಲ್ಲ. ಬೇರೆ ಸಾವಿರಾರು ಮಕ್ಕಳಿಗೆ ಅದು ನೆರವಾಯಿತು.

ನಮ್ಮಲ್ಲಿಯೂ ಉತ್ತರ ಪ್ರದೇಶದ ಷಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಇದೆ. ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ 195 ಮಕ್ಕಳಲ್ಲಿ ಅದನ್ನು ಹಲವು ಪಟ್ಟು ದುಬಾರಿಯಾದ ಪರದೇಶದ ಶಂಟಿನೊಂದಿಗೆ ಹೋಲಿಸಿ 2005ರಲ್ಲಿ ವರದಿ ಮಾಡಿದರು: ಒಂದು ವರ್ಷದ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ದುಬಾರಿ ಇದ್ದದ್ದೇ ಒಳ್ಳೆಯದು ಎಂದು ಸಾಲ ಮಾಡಲು ಹೊರಡುವ ಕುಟುಂಬಗಳು ಇದನ್ನು ತಿಳಿದಿರಬೇಕು. ಆದರೆ ಒಂದು ಕಡೆ ಹೆಚ್ಚಿನ ಖರ್ಚಿಗೆ ಆಧಾರವಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಸುಮಾರು 1600 ರೋಗಿಗಳ ಮೇಲೆ ನಡೆದು 2019ರಲ್ಲಿ ಹೊರಬಂದ ಬೇಸಿಕ್ಸ್ ಪರೀಕ್ಷೆಯಲ್ಲಿ, ಮಾಮೂಲಿ ಶಂಟ್‌ಗಳಲ್ಲಿ ನೂರಕ್ಕೆ 6 ಇದ್ದ ಸೋಂಕು ಆ್ಯಂಟಿಬಯೋಟಿಕ್ ಹೀರಿಸಿದ ಕೊಳವೆಗಳಲ್ಲಿ 2ಕ್ಕೆ ಇಳಿಯಿತು; ಬೆಳ್ಳಿಯ ಲೇಪದಿಂದ ಲಾಭ ಕಾಣಲಿಲ್ಲ.

ನಾವು ಮಾಡಬಹುದಾದದ್ದು

ಮನೆಯವರಿಗೆ ಮೊದಲು. ಮಂಚದ ತಲೆಭಾಗ ಎತ್ತುವ, ಇಳಿಸುವ ಮೊದಲು ಸಿಸ್ಟರ್‌ಗೆ ಹೇಳಿ. ಸಂಕೋಚ ಬಿಟ್ಟು ಮೂರು ಮಾತು ಕೇಳಿ: ಇವತ್ತು ಪಾತ್ರೆ ಎಷ್ಟು ಎತ್ತರದಲ್ಲಿದೆ, ಗಂಟೆಗೆ ಎಷ್ಟು ಬರುತ್ತಿದೆ, ಕೊಳವೆ ಇನ್ನೂ ಬೇಕೇ? ಈ ಮೂರನೆಯ ಪ್ರಶ್ನೆಯನ್ನು ವೈದ್ಯರು ದಿನಾ ಬೆಳಿಗ್ಗೆ ತಮಗೇ ಕೇಳಿಕೊಳ್ಳಬೇಕು. ನೀವೂ ಕೇಳಿದರೆ ತಪ್ಪಿಲ್ಲ. ಶಂಟ್ ಹಾಕಿಸಿಕೊಂಡು ಮನೆಗೆ ಹೋಗುವವರು ಅದರ ಹೆಸರು, ಬಗೆ, ಒತ್ತಡದ ಅಂಕಿಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹೊರಗಿನಿಂದ ಒತ್ತಡ ಬದಲಿಸಬಲ್ಲ ಕವಾಟಗಳ ಅಂಕಿ ಎಂಆರ್‌ಐ ಯಂತ್ರದ ಕಾಂತಕ್ಕೆ ಬದಲಾಗಬಹುದು. ಸ್ಕ್ಯಾನ್ ಆದ ಮೇಲೆ ಪರೀಕ್ಷಿಸಲೇಬೇಕು. ತಲೆನೋವು, ವಾಂತಿ, ಅತಿನಿದ್ದೆ, ನಡಿಗೆಯಲ್ಲಿ ತೊಡರು, ಶಂಟಿನ ದಾರಿಯಲ್ಲಿ ಕೆಂಪು, ಕಾರಣವಿಲ್ಲದ ಹೊಟ್ಟೆನೋವು: ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬೇಡಿ.

ಆಸ್ಪತ್ರೆ ನಡೆಸುವವರಿಗೆ ಒಂದೇ ಮಾತು. ಹೊಸ ಯಂತ್ರಕ್ಕೆ ಹಣ ಹೊಂದಿಸುವಾಗ, ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಎಷ್ಟು ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಎಣಿಸಿ. ಗಂಟೆಗೊಮ್ಮೆ ಮಟ್ಟ ನೋಡಿ ಬರೆಯಬೇಕೆಂದು ಆದೇಶಿಸಿ, ಆರು ಮಂಚಕ್ಕೆ ಒಬ್ಬರನ್ನು ಇಟ್ಟರೆ ಚಾರ್ಟ್ ತುಂಬುತ್ತದೆ, ಮಟ್ಟವನ್ನು ಯಾರೂ ನೋಡಿರುವುದಿಲ್ಲ.

ಎಲ್ಲಕ್ಕಿಂತ ಮೊದಲಿನ ಚಿಕಿತ್ಸೆ ಬಿ.ಪಿ. ಮಾತ್ರೆ ಎಂಬುದನ್ನು ನಾನು ಹೇಳದೆ ಹೋದರೆ ಈ ಉಪನ್ಯಾಸ ಅಪೂರ್ಣ. ಇಲ್ಲಿ ಕುಳಿತವರಲ್ಲಿ ಇಂದು ಬೆಳಿಗ್ಗೆ ಆ ಮಾತ್ರೆ ಮರೆತವರಿದ್ದರೆ, ದಯವಿಟ್ಟು ಮನೆಗೆ ಹೋಗಿ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ದತ್ತಿಯ ಸಂಚಾಲಕರಲ್ಲಿ ಒಂದು ಬಿನ್ನಹ. ಇಂದು ನಾನು ವಿವರಿಸಿದ ತೊಡಕುಗಳನ್ನು ಮೊದಲು ಕಾಣುವವರೂ, ಬಹುಪಾಲು ತಡೆಯುವವರೂ ನಾವು ಶಸ್ತ್ರಚಿಕಿತ್ಸಕರಲ್ಲ. ಮುಂದಿನ ವರ್ಷದ ಉಪನ್ಯಾಸಕ್ಕೆ ಯಾವುದಾದರೂ ನರರೋಗ ಐಸಿಯುನ ಹಿರಿಯ ನರ್ಸ್ ಒಬ್ಬರನ್ನು ಈ ವೇದಿಕೆಗೆ ಕರೆಯಿರಿ. ಸಂಭಾವನೆ ನನಗೆ ಕೊಟ್ಟಷ್ಟೇ ಇರಲಿ. ಕೇಳಲು ನಾನೂ ಬರುತ್ತೇನೆ.